ಅಂಗಳಕ್ಕೆ ಒಂದೇ ಚೌಕ

2024ರ ಜುಲೈ 9, ಮಂಗಳವಾರ. ಬೆಳಗ್ಗೆ 11 ಗಂಟೆ 8 ನಿಮಿಷಕ್ಕೆ ಇರಂ ಕುರ್ಚಿಯ ಮೇಲೆ ನಿಂತು ಗೋಡೆಗೆ ಒಂದು ನಕ್ಷೆ ಅಂಟಿಸುತ್ತಿದ್ದರು. ನಕ್ಷೆ ಹನ್ನೆರಡು ಅಡಿ ಉದ್ದವಿತ್ತು. ಶಿವಮೊಗ್ಗ–ಭದ್ರಾವತಿ ರಸ್ತೆಯ ಬದಿಯ ಆ ಎರಕದ ಕಾರ್ಖಾನೆ ಹೇಗೆ ನಡೆಯುತ್ತದೆ ಎಂಬುದೆಲ್ಲ ಅದರಲ್ಲಿತ್ತು: ಆರ್ಡರ್ ಯಾರಿಗೆ ಬರುತ್ತದೆ, ಕಬ್ಬಿಣ ಎಲ್ಲಿ ಕರಗುತ್ತದೆ, ಎರಕವನ್ನು ಯಾರು ಪರೀಕ್ಷಿಸುತ್ತಾರೆ, ಯಾವ ಕಂಪ್ಯೂಟರಿಗೆ ಯಾವ ಅಂಕಿ ಹೋಗುತ್ತದೆ. ಪ್ರತಿ ಕೆಲಸಕ್ಕೂ ಒಂದು ಚೌಕ, ಪ್ರತಿ ಚೌಕದ ಕೆಳಗೆ ಅದಕ್ಕೆ ಹೊಣೆಯಾದ ಒಬ್ಬರ ಹೆಸರು. ಎಡಮೂಲೆಗೆ ಟೇಪ್ ಒತ್ತುತ್ತಿದ್ದಾಗ ಗೋಡೆ ಅವರ ಅಂಗೈಗೆ ಗುದ್ದಿತು.

ಶಬ್ದ ಬಂದದ್ದು ಅದರ ನಂತರ. ಕಿಟಕಿಯ ಗಾಜು ಒಳಕ್ಕೆ ಸುರಿಯಿತು. ನೆಲಕ್ಕೆ ಬಿದ್ದ ಇರಂ ಎದ್ದು, ಹಣೆಯ ರಕ್ತವನ್ನು ದುಪಟ್ಟಾದಿಂದ ಒತ್ತಿಕೊಂಡು, ಕುಲುಮೆ ಶೆಡ್ಡಿನ ಕಡೆ ಓಡಿದರು.

ಮೂರು ಟನ್ನಿನ ಕುಲುಮೆಯಿಂದ ಸುಮಾರು ಅರ್ಧ ಟನ್ ಕರಗಿದ ಕಬ್ಬಿಣ ಮೇಲಕ್ಕೆ ಹಾರಿತ್ತು. ಮಾಡಿನ ತಗಡು ಮೂರು ಕಡೆ ತೂತಾಗಿತ್ತು. ಮೇಲೆ ಹೋದದ್ದು ಇನ್ನೂ ಹನಿಹನಿಯಾಗಿ ಕೆಳಗೆ ಬೀಳುತ್ತಿತ್ತು. ಒಂದೊಂದು ಹನಿ ತಗುಲಿದಾಗಲೂ ಕಾಂಕ್ರೀಟು ಚಟ್ಟೆಂದು ಸಿಡಿದು ಚೂರು ಹಾರುತ್ತಿತ್ತು. ಕುಲುಮೆಗೆ ಗುಜರಿ ಹಾಕುತ್ತಿದ್ದ ಕರಿಯಣ್ಣ ತಾವಾಗಿಯೇ ಕಟ್ಟೆಯ ಮೆಟ್ಟಿಲು ಇಳಿಯುತ್ತಿದ್ದರು. ಮೈಮೇಲೆ ಅಂಗಿ ಇರಲಿಲ್ಲ. ಬೆನ್ನಿನ ಮೇಲೆ ಚರ್ಮವೂ ಇರಲಿಲ್ಲ. ಅವರ ಜೊತೆ ಕೆಲಸ ಮಾಡುತ್ತಿದ್ದ ಜಮ್ಶೀದ್ ಎಂಬ ಇಪ್ಪತ್ತಾರರ ಯುವಕ ಓಡಿಬಂದು ಅವರನ್ನು ಹಿಡಿದುಕೊಂಡ.

"ಕಣ್ಣು ಕಾಣ್ತಿಲ್ಲ ಮಾರಾಯ. ಮೆಟ್ಲು ಇನ್ನೆಷ್ಟಿದೆ ಹೇಳು."

"ಮೂರು ಅಣ್ಣ. ಮೂರೇ."

"ಎರಡಲ್ವಾ?"

"ಮೂರು. ನನ್ನ ಸೊಂಟ ಹಿಡ್ಕೊ."

ಕೊನೆಯ ಮೆಟ್ಟಿಲಲ್ಲಿ ಕರಿಯಣ್ಣನ ಕಾಲು ಮಡಚಿಕೊಂಡಿತು. ಅವರ ಸೊಂಟದ ಬೆಲ್ಟಿನ ಬಕಲ್ ಕಾದು ಕೆಂಪಾಗಿತ್ತು. ಜಮ್ಶೀದ್ ಅದನ್ನೇ ಹಿಡಿದು ಎತ್ತಿದ. ಎರಡೂ ಅಂಗೈ ಅದಕ್ಕೆ ಅಂಟಿಕೊಂಡವು. ಬಿಡಿಸಿಕೊಳ್ಳದೆ ಹಾಗೆಯೇ ಅವರನ್ನು ಗೇಟಿನವರೆಗೆ ಹೊತ್ತುಕೊಂಡು ಹೋದ.

ಮಧ್ಯಾಹ್ನ ಶೆಡ್ಡಿನ ತೊಲೆಯೊಂದಕ್ಕೆ ಚುಚ್ಚಿಕೊಂಡಿದ್ದ ಪೈಪಿನ ತುಂಡು ಸಿಕ್ಕಿತು. ಅದರ ಒಂದು ತುದಿ ಜಜ್ಜಿ ಮುಚ್ಚಿತ್ತು. ನಡುಭಾಗ ಒಳಗಿನಿಂದ ಹರಿದು ಹೊರಕ್ಕೆ ಮಡಚಿಕೊಂಡಿತ್ತು. ಒಳಗೆ ಮಳೆನೀರು ನಿಂತ ಮೇಲೆ ಎರಡೂ ತುದಿ ಜಜ್ಜಿ ಮುಚ್ಚಿಹೋಗಿದ್ದ ಪೈಪು ಹಾಗೆಯೇ ಕರಗಿದ ಕಬ್ಬಿಣಕ್ಕೆ ಬಿದ್ದಿತ್ತು. ಒಂದು ಲೀಟರ್ ನೀರು ಹಬೆಯಾದರೆ ಕಡಿಮೆಯೆಂದರೂ ಸಾವಿರದ ಆರುನೂರು ಲೀಟರಿನಷ್ಟು ಜಾಗ ಕೇಳುತ್ತದೆ. ಆ ಜಾಗವನ್ನು ಅದು ಒಂದೇ ಕ್ಷಣದಲ್ಲಿ ಕೇಳಿತ್ತು.

ಪೈಪು ಕುಲುಮೆಯವರೆಗೆ ಹೇಗೆ ಹೋಯಿತು ಎಂಬ ಪ್ರಶ್ನೆಗೆ ಇರಂ ಅವರ ನಕ್ಷೆಯಲ್ಲಿ ಉತ್ತರ ಇರಬೇಕಿತ್ತು. ಇರಲಿಲ್ಲ.

ಇರಂ ಹುಟ್ಟಿದ್ದು 1989ರಲ್ಲಿ, ಭದ್ರಾವತಿಯಲ್ಲಿ. ತಂದೆಗೆ ನ್ಯೂ ಟೌನಿನ ಹತ್ತಿರ ಲಾರಿ ಗ್ಯಾರೇಜಿತ್ತು. ಇರಂ ಅವರಿಗೆ ಒಂಬತ್ತು ವರ್ಷವಿದ್ದಾಗ, ಗಾಳಿ ತುಂಬುತ್ತಿದ್ದ ಲಾರಿ ಚಕ್ರದ ಉಕ್ಕಿನ ರಿಂಗು ಕಳಚಿ ಹಾರಿ ತಂದೆಯ ದವಡೆ ಮುರಿಯಿತು. ಮಣ್ಣಿನಲ್ಲಿ ಬಿದ್ದ ಹಲ್ಲುಗಳನ್ನು ಆರಿಸಿ ಲೋಟಕ್ಕೆ ಹಾಕಿದವರು ಇರಂ. ಏಳು ಸಿಕ್ಕವು, ಎಂಟನೆಯದಕ್ಕಾಗಿ ಸಂಜೆಯವರೆಗೆ ಹುಡುಕಿದರು. ಎಣಿಕೆ ಸರಿಹೋಗುವವರೆಗೆ ಏಳದ ಈ ಸ್ವಭಾವ ಅವರನ್ನು ಇಂಜಿನಿಯರಿಂಗ್ ಓದಿಸಿತು, ಆ ಕಾರ್ಖಾನೆಯ ಸ್ಟೋರ್ಸಿಗೆ ಸೇರಿಸಿತು, ಅಲ್ಲಿಂದ ಕಂಪ್ಯೂಟರ್ ವಿಭಾಗಕ್ಕೆ ಒಯ್ದಿತು. ಮನೆ ಮಾಡಿದ್ದು ಶಿವಮೊಗ್ಗದ ವಿದ್ಯಾನಗರದಲ್ಲಿ.

2023ರಲ್ಲಿ ಕಂಪನಿಯವರು ತಮ್ಮ ಮೂರು ಕಾರ್ಖಾನೆಗಳನ್ನೂ ಒಂದೇ ವ್ಯವಸ್ಥೆಗೆ ತರಲು ತೀರ್ಮಾನಿಸಿದರು. ಹೊಸದನ್ನು ಕಟ್ಟುವ ಮೊದಲು ಇರುವುದನ್ನು ಯಾರಾದರೂ ಪೂರ್ತಿ ಬರೆದಿಡಬೇಕಿತ್ತು. ಆ ಹುದ್ದೆಗೆ ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಎಂದು ಹೆಸರು. ಅಷ್ಟುದ್ದ ಯಾರೂ ಹೇಳುತ್ತಿರಲಿಲ್ಲ. ಕೆಲಸಗಾರರಿಗೆ ಇರಂ "ನಕ್ಷೆ ಮೇಡಂ" ಆದರು.

ಅವರು ಮೊದಲು ಕೈಹಾಕಿದ್ದು ಅಚ್ಚು ಮಾಡುವ ಮರಳಿನ ವಿಭಾಗಕ್ಕೆ. ಆರು ವಾರ ಅಲ್ಲೇ ನಿಂತು 212 ಚೌಕ ಬರೆದರು. ಕಾರ್ಖಾನೆಯ ಮುಖ್ಯಸ್ಥ ಯೋಗರಾಜ್ ಅದನ್ನು ಮೇಜಿನ ಮೇಲೆ ಹಾಸಿ ಬೆರಳಾಡಿಸುತ್ತ ಹೋದರು.

"ಇದೇನ್ ಇರಂ, ಜರಡಿ ಹಿಡಿಯೋನು ಬೀಡಿ ಸೇದೋಕೆ ಯಾವ ಬಾಗ್ಲಿಂದ ಹೋಗ್ತಾನೆ ಅಂತಾನೂ ಬರ್ದಿದೀರಲ್ಲ."

"ಆ ಬಾಗ್ಲು ತೆಗೆದ್ರೆ ಮಳೆ ಎರಚಲು ಬಡಿದು ಮರಳು ಒದ್ದೆ ಆಗುತ್ತೆ ಸರ್. ಅಚ್ಚು ಒಡೆಯುತ್ತೆ."

"ಸರಿ. ಹದಿಮೂರು ವಿಭಾಗ, ಮೂರು ಕಾರ್ಖಾನೆ. ಹೀಗೇ ಹೋದ್ರೆ ಯಾವಾಗ ಮುಗಿಯುತ್ತೆ?"

ಇರಂ ಮನಸ್ಸಿನಲ್ಲೇ ಗುಣಿಸಿದರು. "ನಾಲ್ಕೂವರೆ ವರ್ಷ."

"ನಿಮ್ಗಿರೋದು ಐದು ತಿಂಗ್ಳು. ಎಲ್ಲಿ ಇಳೀಬೇಕು, ಎಲ್ಲಿ ಮೇಲಿಂದ್ಲೇ ನೋಡಿ ಮುಂದೆ ಹೋಗ್ಬೇಕು, ಅದನ್ನ ನೀವೇ ತೀರ್ಮಾನ ಮಾಡಿ. ನಾನು ಕೇಳೋಕೆ ಬರಲ್ಲ."

ಯೋಗರಾಜ್ ಹೇಳಿದ್ದು ತಪ್ಪೇನಲ್ಲ. ಎಲ್ಲವನ್ನೂ ಬರೆದ ನಕ್ಷೆಯನ್ನು ಯಾರೂ ಓದಲಾರರು, ಅದು ಮುಗಿಯುವಷ್ಟರಲ್ಲಿ ಕಾರ್ಖಾನೆಯೇ ಬದಲಾಗಿರುತ್ತದೆ. ಇರಂ ಒಂದು ವಾರ ಯೋಚಿಸಿ ನಿಯಮ ಮಾಡಿಕೊಂಡರು: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕಾಗದವೋ ಕಂಪ್ಯೂಟರಿನ ದಾಖಲೆಯೋ ದಾಟುವ ಕಡೆ ಒಳಗೆ ಇಳಿಯುವುದು, ಏನೂ ದಾಟದ ಕಡೆ ಒಂದೇ ಚೌಕ ಹಾಕಿ ಮುಂದೆ ಹೋಗುವುದು. ಮರಳಿನ ವಿಭಾಗ 212ರಿಂದ ಒಂಬತ್ತಕ್ಕೆ ಇಳಿಯಿತು. ಖರೀದಿ, ಮಾರಾಟ, ಲೋಡಿಂಗ್, ಸಂಬಳ ಎಲ್ಲದಕ್ಕೂ ನಿಯಮ ಚೆನ್ನಾಗಿ ಹೊಂದಿಕೊಂಡಿತು. ನಕ್ಷೆ ಐದು ತಿಂಗಳಿಗೆ ಆರು ದಿನ ಮೊದಲೇ ಮುಗಿಯಿತು.

ಗುಜರಿ ಅಂಗಳ ಕಾರ್ಖಾನೆಯ ಹಿಂಬದಿಯ ಗೋಡೆಯಾಚೆ ಇತ್ತು. ಲಾರಿಗಳು ಅಲ್ಲಿ ಹಳೆ ಕಬ್ಬಿಣ ಸುರಿದು ಹೋಗುತ್ತಿದ್ದವು. ರಾಶಿಯ ಪಕ್ಕ ಪೀರ್ ಬಾಷಾ ಇರುತ್ತಿದ್ದರು. ವಯಸ್ಸು ಅರವತ್ತೊಂದು, ಭದ್ರಾವತಿಯವರು, ಕಂತ್ರಾಟುದಾರನ ಕಡೆಯ ಆಳು. ಅವರ ಕೈಯಲ್ಲಿ ಲಾರಿಯ ಮುರಿದ ಪಟ್ಟಿ ಸ್ಪ್ರಿಂಗಿನ ಒಂದು ತುಂಡು, ಜೇಬಿನಲ್ಲಿ ಒಂದು ಬಿಳಿ ಕಲ್ಲು. ಮುಚ್ಚಿದ ಪೈಪು, ಡಬ್ಬಿ, ಸಿಲಿಂಡರು ಏನು ಕಂಡರೂ ತಟ್ಟಿ, ಕಿವಿಗೊಟ್ಟು, ಒಳಗೆ ನೀರೋ ಎಣ್ಣೆಯೋ ಇದೆ ಅನ್ನಿಸಿದರೆ ಬಿಳಿ ಕಲ್ಲಿನಿಂದ ಅಡ್ಡಡ್ಡ ಎರಡು ಗೆರೆ ಎಳೆಯುತ್ತಿದ್ದರು. "ಇವಳು ಬಸುರಿ ಕಣ್ರೋ, ಒಲೆ ಹತ್ರ ಕಳಿಸ್ಬೇಡಿ" ಎನ್ನುತ್ತಿದ್ದರು. ಗ್ಯಾಸಿನಿಂದ ಕತ್ತರಿಸಿ ಒಣಗಿಸುವವರೆಗೆ ಆ ಗುರುತಿನ ವಸ್ತುವನ್ನು ಕುಲುಮೆಯವರು ಮುಟ್ಟುತ್ತಿರಲಿಲ್ಲ. ಒಮ್ಮೆ ಕುಲುಮೆಗೆ ಗುಜರಿ ಒಯ್ಯುವ ದೊಡ್ಡ ಬಕೆಟ್ಟಿನಲ್ಲಿ ಒಂದು ಗುರುತು ಕಂಡಿದ್ದಕ್ಕೆ ಕರಿಯಣ್ಣ ಇಡೀ ಬಕೆಟ್ಟನ್ನೇ ಹಿಂದಕ್ಕೆ ಕಳಿಸಿದ್ದುಂಟು. ಇದಕ್ಕೆ ಪುಸ್ತಕವಿಲ್ಲ, ಚೀಟಿಯಿಲ್ಲ, ಸಹಿಯಿಲ್ಲ. ಗುರುತಿದ್ದರೆ ಅಪಾಯ, ಗುರುತಿಲ್ಲದಿದ್ದರೆ ಬಾಷಾ ತಟ್ಟಿ ನೋಡಿದ್ದಾರೆ ಎಂದು ಅರ್ಥ. ಇಪ್ಪತ್ತೆಂಟು ವರ್ಷ ಅದು ಹಾಗೆಯೇ ನಡೆದಿತ್ತು.

ಇರಂ ಅಂಗಳಕ್ಕೆ ಹೋದದ್ದು 2023ರ ನವೆಂಬರಿನಲ್ಲಿ, ಒಂದೇ ಸಲ.

"ಇಲ್ಲಿ ಏನಾದ್ರೂ ಬರ್ಕೊಳ್ತೀರಾ ಚಾಚಾ?"

"ಬರ್ಕೊಳ್ಳೋಕೆ ಏನಿದೆ ಬೇಟಿ? ಬರುತ್ತೆ, ಹೋಗುತ್ತೆ."

ಹಾಗೆ ಹೇಳುವಾಗ ಬಿಳಿ ಕಲ್ಲು ಅವರ ಕೈಯಲ್ಲೇ ಇತ್ತು. ಇರಂ ಒಂದು ಚೌಕ ಹಾಕಿ "ಗುಜರಿ ಸ್ವೀಕಾರ" ಎಂದು ಬರೆದರು. ಕಂತ್ರಾಟುದಾರ ವರ್ಷಕ್ಕೊಮ್ಮೆ ಬದಲಾಗುವುದರಿಂದ ಹೊಣೆಯ ಜಾಗದಲ್ಲಿ ಪೀರ್ ಬಾಷಾ ಹೆಸರನ್ನು ಹಾಕಿದರು. ಕಂಪನಿಯ ಕಾಗದದಲ್ಲಿ ತನ್ನ ಹೆಸರು ಬಂತೆಂದು ಅವರು ಆ ಸಂಜೆ ಮನೆಗೆ ಅರ್ಧ ಕಿಲೋ ಜಿಲೇಬಿ ಒಯ್ದಿದ್ದರು.

ಹೊಸ ವ್ಯವಸ್ಥೆ ಕಟ್ಟಿದವರು ಅಂಗಳವನ್ನು ನೋಡಿರಲಿಲ್ಲ. ನಕ್ಷೆಯನ್ನು ನೋಡಿದ್ದರು. ಒಂದು ಚೌಕ, ಒಳಗೆ ಬರುವ ಒಂದು ಬಾಣ, ಹೊರಗೆ ಹೋಗುವ ಒಂದು ಬಾಣ. ಹಾಗಾದರೆ ಗುಜರಿ ಎರಡು ದಿನ ಅಲ್ಲಿ ಬಿದ್ದಿರುವುದು ಯಾಕೆ? 2024ರ ಮೇ 6ರಿಂದ ಆಯಸ್ಕಾಂತದ ಕ್ರೇನು ಲಾರಿಯಿಂದಲೇ ಎತ್ತಿ ನೇರವಾಗಿ ಬಕೆಟ್ಟಿಗೆ ಹಾಕತೊಡಗಿತು. ಪೀರ್ ಬಾಷಾರನ್ನು ಮುಂದಿನ ಗೇಟಿನಲ್ಲಿ, ಲಾರಿ ತೂಗುವ ಯಂತ್ರದ ಪರದೆಯ ಮುಂದೆ ಕೂರಿಸಿದರು. ಗೋಡೆಯ ಈಚೆಗಿದ್ದ ಕುಲುಮೆಯವರಿಗೆ ಲಾರಿ ಗೇಟಿನಲ್ಲಿ ಬಾಷಾರ ಮುಂದೆ ನಿಂತೇ ಬರುತ್ತದೆ ಎಂಬುದು ಗೊತ್ತಿತ್ತು. ಅಲ್ಲಿಯೇ ತಟ್ಟಿ ನೋಡುತ್ತಾರೆ ಎಂದುಕೊಂಡರು. ಜುಲೈ 9ರಂದು ಕರಿಯಣ್ಣ ಆ ಪೈಪನ್ನು ನೋಡಿರಲೇಬೇಕು. ಅದರ ಮೇಲೆ ಗುರುತಿರಲಿಲ್ಲ.

ಕರಿಯಣ್ಣ ಗುರುವಾರ ಮಧ್ಯಾಹ್ನ ತೀರಿಕೊಂಡರು. ಅದೇ ಸಂಜೆ ಕಾರ್ಖಾನೆಯಿಂದ ಸರ್ಕಾರಕ್ಕೆ ಹೋದ ಪತ್ರದ ಜೊತೆ ನಕ್ಷೆಯ ಒಂದು ಹಾಳೆ ಇತ್ತು. "ಗುಜರಿ ಸ್ವೀಕಾರ" ಚೌಕದ ಕೆಳಗಿನ ಹೆಸರಿಗೆ ಕೆಂಪು ಶಾಯಿಯ ಸುತ್ತು. ಪೊಲೀಸರು ಆ ಹೆಸರಿನ ಮೇಲೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣ ಎಂದು ಕೇಸು ಬರೆದುಕೊಂಡರು.

ಶುಕ್ರವಾರ ಬೆಳಗ್ಗೆ 6 ಗಂಟೆ 20ಕ್ಕೆ ಆ ಹಾಳೆಯ ಫೋಟೊ ಕೆಲಸಗಾರರ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಕೆಳಗೆ ಒಂದೇ ಸಾಲು: "ಕರಿಯಣ್ಣನ್ನ ಕೊಂದೋನು ಇವ್ನೇ." ಇರಂ ಅಡುಗೆಮನೆಯಲ್ಲಿ ನಿಂತು ಅದನ್ನು ನೋಡಿದರು. ಅಕ್ಷರ ತಮ್ಮದು, ಚೌಕ ತಮ್ಮದು. ಸ್ಟವ್ ಆರಿಸಿ, ಸ್ಕೂಟರ್ ಹತ್ತಿ ಭದ್ರಾವತಿಗೆ ಹೊರಟರು.

ಪೀರ್ ಬಾಷಾರ ಮನೆ ನ್ಯೂ ಟೌನಿನ ಹಿಂದಿನ ಓಣಿಯಲ್ಲಿ. ಇರಂ ತಲುಪುವಷ್ಟರಲ್ಲಿ ಬಾಗಿಲು ಮುರಿದು ಅಂಗಳಕ್ಕೆ ಬಿದ್ದಿತ್ತು. ಆರು ಜನ. ಮುದುಕನನ್ನು ಕಾಲು ಹಿಡಿದು ಹೊರಗೆ ಎಳೆದಿದ್ದರು. ಹೊಸ್ತಿಲಿನಿಂದ ಚರಂಡಿಯವರೆಗೆ ರಕ್ತದ ಒಂದು ಪಟ್ಟಿ ಬಿದ್ದಿತ್ತು. ಮುಂದೆ ನಿಂತಿದ್ದವನು ಜಮ್ಶೀದ್, ಪೀರ್ ಬಾಷಾರ ಸ್ವಂತ ತಂಗಿಯ ಮಗ. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜ್ ಇದ್ದುದರಿಂದ ಅವನಿಗೆ ರಾಡು ಹಿಡಿಯಲು ಆಗುತ್ತಿರಲಿಲ್ಲ. ಕಾಲಿನಿಂದ ಒದೆಯುತ್ತಿದ್ದ.

"ತಟ್ಟಿ ನೋಡಿದ್ಯಾ, ಇಲ್ವಾ? ಅಷ್ಟು ಹೇಳು ಮಾಮು."

"ನನ್ನನ್ನ ಗೇಟಿಗೆ ಹಾಕಿ ಎರಡು ತಿಂಗ್ಳಾಯ್ತೋ."

"ಕಾಗದದಲ್ಲಿ ನಿನ್ ಹೆಸ್ರಿದೆ."

"ನಂಗೇನ್ ಗೊತ್ತು ಕಾಗದ."

"ಜಿಲೇಬಿ ಹಂಚಿದ್ಯಲ್ಲ ಅವತ್ತು. ನಾನೂ ತಿಂದಿದ್ನಲ್ಲ."

ಜಮ್ಶೀದ್ ಕಿವಿಯ ಮೇಲೆ ಒದ್ದ. ಇನ್ನೊಬ್ಬ ಪಕ್ಕೆಗೆ ರಾಡು ಇಳಿಸಿದ. ಒಣ ಕಡ್ಡಿ ಮುರಿದ ಸದ್ದು ಬಂತು. ಓಣಿಯ ಜನ ಕಿಟಕಿಗಳ ಹಿಂದಿದ್ದರು. ಇರಂ ಸ್ಕೂಟರನ್ನು ನಿಲ್ಲಿಸಲಿಲ್ಲ, ಹಾಗೆಯೇ ಬೀಳಲು ಬಿಟ್ಟು ಓಡಿ, ಪೀರ್ ಬಾಷಾರ ಮೈಮೇಲೆ ಅಡ್ಡ ಬಿದ್ದರು. ಎರಡನೆಯ ಏಟು ಅವರ ಎಡ ಮುಂಗೈ ಮೇಲೆ ಬಿತ್ತು.

"ಆ ಹೆಸ್ರು ಬರ್ದಿದ್ದು ನಾನು" ಎಂದರು ಇರಂ. "ಅದರ ಅರ್ಥ ಏನು ಅಂತ ಇವ್ರಿಗೆ ಗೊತ್ತೇ ಇಲ್ಲ. ಹೊಡೆಯೋದಾದ್ರೆ ನನ್ನ ಹೊಡೀರಿ."

ರಾಡಿನವನು ಹೊಡೆದ. ಅದೇ ಕೈಗೆ, ಅದೇ ಜಾಗಕ್ಕೆ. ಮೂಳೆ ಚರ್ಮ ಸೀಳಿ ಹೊರಗೆ ಬಂತು.

ಅಷ್ಟರಲ್ಲಿ ಬಾಷಾರ ಹೆಂಡತಿ ಜೈನಾಬಿ ಅಡುಗೆಮನೆಯಿಂದ ಕುದಿಯುವ ನೀರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಬಂದರು. ರಾಡಿನವನ ಎದೆಗೆ ಅರ್ಧ ಎರಚಿದರು. ಅವನು ಅರಚುತ್ತ ಅಂಗಿ ಹರಿದುಕೊಂಡು ಓಡಿದ. ಉಳಿದ ಅರ್ಧವನ್ನು ಎತ್ತಿ ಹಿಡಿದು ಜಮ್ಶೀದ್ ಕಡೆ ತಿರುಗಿದರು.

"ಬಾರೋ ಅಳಿಯಾ. ಚಿಕ್ಕವ್ನಿದ್ದಾಗ ನಿಂಗೆ ಸ್ನಾನ ಮಾಡಿಸ್ತಿದ್ದೋಳು ನಾನೇ. ಇವತ್ತೂ ಮಾಡಿಸ್ತೀನಿ, ಬಾ."

ಜಮ್ಶೀದ್ ಹಿಂದೆ ಸರಿದ. ಉಳಿದವರೂ ಹೋದರು.

ಪೀರ್ ಬಾಷಾರ ನಾಲ್ಕು ಪಕ್ಕೆಲುಬು ಮುರಿದಿದ್ದವು. ಬಲ ಕಿವಿಯ ತಮಟೆ ಹರಿದಿತ್ತು. ಆ ಕಿವಿ ಇನ್ನು ಕೇಳುವುದಿಲ್ಲ ಎಂದರು ವೈದ್ಯರು. ವಾರ್ಡಿನ ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್ ಕುಳಿತಿದ್ದ. ರೋಗಿಯನ್ನು ಕಾಯುವುದಕ್ಕಲ್ಲ, ಬಿಡುಗಡೆಯಾದ ಕೂಡಲೇ ಬಂಧಿಸುವುದಕ್ಕೆ.

ಇರಂ ಅವರ ಕೈಗೆ ಶಸ್ತ್ರಚಿಕಿತ್ಸೆಯಾದ ಮರುದಿನ ಯೋಗರಾಜ್ ನೋಡಲು ಬಂದರು. ಸೇಬಿನ ಚೀಲವನ್ನು ಮೇಜಿನ ಮೇಲಿಟ್ಟು ಕುಳಿತರು.

"ಇಪ್ಪತ್ತೊಂಬತ್ತನೇ ತಾರೀಕು ವಿಚಾರಣೆ. ನಿಮ್ಮನ್ನ ಕರೀತಾರೆ. ಸುಳ್ಳು ಹೇಳಿ ಅಂತ ನಾನು ಹೇಳಲ್ಲ. ನಕ್ಷೇಲಿ ಏನಿದೆಯೋ ಅಷ್ಟು ಹೇಳಿ."

"ನಕ್ಷೇಲಿ ಇಲ್ದೇ ಇರೋದು ಕೇಳಿದ್ರೆ?"

"ಅದು ನಮ್ಮ ಸ್ಕೋಪಲ್ಲಿ ಇರ್ಲಿಲ್ಲ ಅನ್ನಿ. ಅದೂ ನಿಜಾನೇ ಅಲ್ವಾ?"

"ನಿಜಾನೇ."

"ಮತ್ತೆ?"

"ಬಾಷಾ ಚಾಚಾ ಜೈಲಿಗೆ ಹೋಗ್ತಾರೆ ಸರ್."

ಯೋಗರಾಜ್ ಎದ್ದು ಹೊರಟರು. ಅವರು ಹೋದ ಮೇಲೆ ಇರಂ ಸೇಬಿನ ಚೀಲವನ್ನು ನರ್ಸ್‌ಗೆ ಕೊಟ್ಟು, ಒಂದು ನೋಟ್‌ಬುಕ್ ತರಿಸಿಕೊಂಡರು. ಪೀರ್ ಬಾಷಾ ಇದ್ದದ್ದು ಅದೇ ಆಸ್ಪತ್ರೆಯ ಕೆಳಮಹಡಿಯಲ್ಲಿ. ಮುಂದಿನ ಹತ್ತು ದಿನ ಇರಂ ಬೆಳಗ್ಗೆ ಸಂಜೆ ಅವರ ಹಾಸಿಗೆಯ ಎಡಬದಿಗೆ ಕುಳಿತು, ಕೇಳುವ ಕಿವಿಗೆ ಬಾಯಿಟ್ಟು ಒಂದೊಂದೇ ಪ್ರಶ್ನೆ ಕೇಳಿದರು. ಲಾರಿ ಬಂದ ಮೇಲೆ ಮೊದಲು ಏನು ಮಾಡ್ತೀರಿ? ಆಮೇಲೆ? ಮಳೆಗಾಲದಲ್ಲಿ ಬೇರೆ ಏನಾದರೂ? ಪಕ್ಕೆಯ ನೋವಿಗೆ ನಾಲ್ಕು ಮಾತಿಗೊಮ್ಮೆ ಅವರು ನಿಲ್ಲುತ್ತಿದ್ದರು. "ಇಷ್ಟೆಲ್ಲಾ ನಾನು ಮಾಡ್ತಿದ್ನಾ ಬೇಟಿ?" ಎಂದು ಒಮ್ಮೆ ಅವರೇ ಕೇಳಿದರು. ಖಾಲಿ ಎಂದು ಒಂದೇ ಚೌಕ ಹಾಕಿದ್ದ ಜಾಗದೊಳಗೆ ಹದಿನೇಳು ಕೆಲಸಗಳಿದ್ದವು. ತಟ್ಟಿ ನೋಡುವುದು ಆರನೆಯದು.

ವಿಚಾರಣೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಡೆಯಿತು. ಕಾರ್ಖಾನೆಗಳ ಇಲಾಖೆಯಿಂದ ಬಂದ ಅಧಿಕಾರಿಯ ಹೆಸರು ಶ್ರೀನಿವಾಸಮೂರ್ತಿ. ಒಳಗೆ ಜಾಗ ಸಾಲದೆ ಹೊರಗೆ ನಿಂತವರು ತಗಡಿನ ಗೋಡೆಗೆ ಕಲ್ಲು ತೂರುತ್ತಿದ್ದರು. ಮೊದಲ ಸಾಲಿನಲ್ಲಿ ಕರಿಯಣ್ಣನ ಹೆಂಡತಿ ವಿಮಲಮ್ಮ, ಹಿಂದೆ ಕುಲುಮೆಯವರು.

ಶ್ರೀನಿವಾಸಮೂರ್ತಿ ಕೆಂಪು ಸುತ್ತಿನ ಹಾಳೆ ತೋರಿಸಿದರು. "ಈ ಚೌಕದ ಹೊಣೆ ಪೀರ್ ಬಾಷಾ ಅಂತಿದೆ. ಸರೀನಾ?"

"ಹೆಸ್ರು ಮಾತ್ರ ಅವ್ರದ್ದು ಸರ್. ಮೇ ಆರಕ್ಕೆ ಅವ್ರನ್ನ ಅಲ್ಲಿಂದ ತೆಗೆದಿದ್ದಾರೆ. ಅವತ್ತಿನಿಂದ ಜುಲೈ ಒಂಬತ್ತರ ತನಕ ಪ್ರತಿ ದಿನ ತೂಕದ ಯಂತ್ರದಲ್ಲಿ ಅವ್ರ ಬೆರಳಚ್ಚಿದೆ, ಲಾರಿ ಲಾರಿಗೂ. ಪ್ರಿಂಟ್ ತಂದಿದೀನಿ."

"ಹಾಗಾದ್ರೆ ಅವರ ಕೆಲಸ ಯಾರು ಮಾಡ್ತಿದ್ರು?"

"ಯಾರೂ ಇಲ್ಲ. ಆ ಕೆಲಸ ಇದೆ ಅಂತ್ಲೇ ಕಾಗದದಲ್ಲಿ ಇರ್ಲಿಲ್ಲ." ಇರಂ ಹದಿನೇಳು ಕೆಲಸಗಳನ್ನೂ ಓದಿ ಹೇಳಿದರು.

"ಬಿಟ್ಟಿದ್ದು ಯಾರು?"

ಯೋಗರಾಜ್ ತಲೆ ತಗ್ಗಿಸಿ ಮೇಜು ನೋಡುತ್ತಿದ್ದರು.

"ನಾನು. ಎಲ್ಲಿ ಎಷ್ಟು ಆಳಕ್ಕೆ ಇಳೀಬೇಕು ಅನ್ನೋದು ನನ್ನ ತೀರ್ಮಾನ. ಕಾಗದ ಇರೋ ಕಡೆ ಇಳಿದೆ. ಜನ ಸಾಯೋ ಕಡೆ ಇಳೀಲಿಲ್ಲ."

ಹಿಂದಿನಿಂದ ಒಂದು ಸ್ಟೀಲ್ ಲೋಟ ಹಾರಿಬಂದು ಅವರ ಕೆನ್ನೆ ಸೀಳಿತು. ಬೆಂಚುಗಳು ಉರುಳಿದವು. ಇಬ್ಬರು ಪೊಲೀಸರು ಲಾಠಿ ಬೀಸಿದರು. ಒಬ್ಬನ ಹಲ್ಲು ಮುರಿಯಿತು, ಇನ್ನೊಬ್ಬನನ್ನು ಕೂದಲು ಹಿಡಿದು ಹೊರಗೆ ಎಳೆದರು. ಜಮ್ಶೀದ್ ಎದ್ದಿರಲಿಲ್ಲ. ಬ್ಯಾಂಡೇಜಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ. ನಿಲ್ಲಿಸೋಣವೇ ಎಂದು ಅಧಿಕಾರಿ ಕೇಳಿದರು. ಇರಂ ಬೇಡ ಎಂದು ತಲೆಯಾಡಿಸಿದರು.

ಆ ಹೇಳಿಕೆಯ ಬಲದ ಮೇಲೆ ಪೊಲೀಸರು ಪೀರ್ ಬಾಷಾರ ಹೆಸರನ್ನು ಕೇಸಿನಿಂದ ಕೈಬಿಟ್ಟರು. ಇರಂ ಅವರ ಕೆಲಸ ಸೆಪ್ಟೆಂಬರಿನಲ್ಲಿ ಹೋಯಿತು. ಈಗ ಅವರು ಶಿವಮೊಗ್ಗದ ಸಣ್ಣ ಎರಕದ ಶೆಡ್ಡುಗಳಿಗೆ ನಕ್ಷೆ ಬರೆದುಕೊಡುತ್ತಾರೆ. ಬೆಂಕಿಯ ಹತ್ತಿರ ಶುರುಮಾಡಿ ಹಿಂದಕ್ಕೆ ನಡೆಯುತ್ತಾರೆ, ಪ್ರತಿ ಹೆಜ್ಜೆಗೂ ಇಲ್ಲಿ ತಪ್ಪಿದರೆ ಯಾರಿಗೆ ಏಟಾಗುತ್ತದೆ ಎಂದು ಕೇಳುತ್ತಾರೆ. ಉತ್ತರದಲ್ಲಿ ಮನುಷ್ಯನ ಹೆಸರು ಬಂದ ಕಡೆ ದಿನಗಟ್ಟಲೆ ನಿಲ್ಲುತ್ತಾರೆ. ಮಾರಾಟ, ಖರೀದಿ, ಸಂಬಳಕ್ಕೆ ಒಂದೊಂದೇ ಚೌಕ. ಆಫೀಸಿನ ಕೆಲಸ ಏನೂ ಬರೆದಿಲ್ಲವಲ್ಲ ಎಂದು ಮಾಲೀಕರು ಗೊಣಗುತ್ತಾರೆ. ಎಡಗೈ ಪೂರ್ತಿ ಮಡಚುವುದಿಲ್ಲ, ಹಾಗಾಗಿ ಹಾಳೆಯನ್ನು ಮೊಣಕೈಯಿಂದ ಒತ್ತಿ ಹಿಡಿದು ಗೆರೆ ಎಳೆಯುತ್ತಾರೆ.

ಅವತ್ತು ಕ್ಯಾಂಟೀನಿನಲ್ಲಿ ಗಲಾಟೆ ತಣ್ಣಗಾದ ಮೇಲೆ ವಿಮಲಮ್ಮ ಎದ್ದು ನಿಂತರು. ಆಕೆ ಇರಂ ಅವರ ಹತ್ತಿರ ಬಂದು, ಕೆನ್ನೆಯಿಂದ ಕುತ್ತಿಗೆಗೆ ಇಳಿಯುತ್ತಿದ್ದ ರಕ್ತವನ್ನು ನೋಡಿದರು. ಒರೆಸಲಿಲ್ಲ.

"ನಮ್ಮೋರು ಹತ್ತೊಂಬತ್ತು ವರ್ಷ ಆ ಗುಜರಿ ಎತ್ತಿದ್ರು. ನೀನು ಬರ್ಯೋಕೆ ಅಂತ ಹೋದ್ಯಲ್ಲಮ್ಮ, ಆ ಅಂಗಳದಲ್ಲಿ ಎಷ್ಟೊತ್ತು ನಿಂತಿದ್ದೆ?"

ಇರಂ ಬಳಿ ಅಂಗಳಕ್ಕೆ ಹೋಗಿಬಂದ ದಿನದ ಗೇಟಿನ ಸಮಯದ ಚೀಟಿ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ.

"ಹದಿನಾಲ್ಕು ನಿಮಿಷ" ಎಂದರು.